ನದಿಯನ್ನು ಕುಗ್ಗಿಸಬಹುದು, ಮರಳನ್ನಲ್ಲ: ಸೇತುವೆ ಕಂಬದ ಬುಡದ ಕೊರೆತವನ್ನು ಪ್ರಯೋಗಾಲಯದಲ್ಲಿ ಅಳೆಯುವ ಬಗೆ

3.75 ಮೀಟರ್ ದಪ್ಪದ ಒಂದು ಸೇತುವೆ ಕಂಬ. ಅದರ ಸುತ್ತ 7.5 ಮೀಟರ್ ಆಳದ ನೆರೆನೀರು. ತಳದಲ್ಲಿ 0.3 ಮಿ.ಮೀ. ಗಾತ್ರದ ಮರಳು. ಇದೆಲ್ಲವನ್ನೂ ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿ ನೋಡಿ. ಕಂಬ 7.5 ಸೆಂ.ಮೀ. ವ್ಯಾಸದ ಪೈಪ್ ಆಗುತ್ತದೆ, ನೀರು 15 ಸೆಂ.ಮೀ. ಆಳಕ್ಕೆ ಬರುತ್ತದೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಮರಳು ಮಾತ್ರ 0.006 ಮಿ.ಮೀ. ಆಗುತ್ತದೆ, ಅಂದರೆ ಅದು ಮರಳಾಗಿ ಉಳಿಯುವುದೇ ಇಲ್ಲ. ಅಷ್ಟು ನುಣುಪಾದ ಕಣಗಳು ನೀರಿನಲ್ಲಿ ಒಂದಕ್ಕೊಂದು ಅಂಟುತ್ತವೆ. ಬಿಡಿಬಿಡಿಯಾಗಿ ಉರುಳುವ ಬದಲು ಹೆಂಟೆಯಾಗಿ ಕಿತ್ತುಬರುತ್ತವೆ, ಒಮ್ಮೆ ಎದ್ದರೆ ಗಂಟೆಗಟ್ಟಲೆ ಕೆಳಗಿಳಿಯುವುದಿಲ್ಲ. ಹೊಳೆಯ ಮಾದರಿ ಮಾಡಲು ಹೋಗಿ ಕೆಸರಿನ ಮಾದರಿ ಮಾಡಿದಂತಾಗುತ್ತದೆ.

ನದಿಯಲ್ಲಿ ಕಂಬ, ಬಂಡೆ, ದಿಮ್ಮಿ, ಒಡ್ಡು ಹೀಗೆ ಯಾವುದೇ ಅಡೆತಡೆಯ ಸುತ್ತ ಹೂಳು ಹೇಗೆ ಸರಿಯುತ್ತದೆ ಎಂದು ಪ್ರಯೋಗಾಲಯದಲ್ಲಿ ನೋಡುವ ಕೆಲಸವೆಲ್ಲ ಈ ಒಂದು ತೊಡಕಿನ ಸುತ್ತಲೇ ತಿರುಗುತ್ತದೆ. ನದಿಯ ಎಲ್ಲ ಗುಣಗಳನ್ನೂ ಒಟ್ಟಿಗೆ ಚಿಕ್ಕದಾಗಿಸಲು ಬರುವುದಿಲ್ಲ. ಯಾವ ಹೋಲಿಕೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂದು ಮೊದಲೇ ತೀರ್ಮಾನಿಸಬೇಕು. ಬಿಟ್ಟುಕೊಟ್ಟದ್ದು ಏನೆಂಬುದು ಕೊನೆಯ ಅಂಕಿ ಓದುವವರೆಗೂ ನೆನಪಿನಲ್ಲಿರಬೇಕು. ಇಲ್ಲಿ ದುಂಡನೆಯ ಒಂಟಿ ಕಂಬವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಎಲ್ಲಕ್ಕಿಂತ ಸರಳವಾದದ್ದು ಅದೇ, ಎಲ್ಲಕ್ಕಿಂತ ಹೆಚ್ಚು ಅಧ್ಯಯನ ಆಗಿರುವುದೂ ಅದೇ.

ಇದು ಪುಸ್ತಕದ ಲೆಕ್ಕವಷ್ಟೇ ಅಲ್ಲ. 1987ರ ಏಪ್ರಿಲ್ 5ರಂದು ನ್ಯೂಯಾರ್ಕ್ ರಾಜ್ಯದ ಸ್ಕೋಹರಿ ಕ್ರೀಕ್ ಸೇತುವೆ ನೆರೆಯಲ್ಲಿ ಕುಸಿದು ಹತ್ತು ಜನ ಸತ್ತರು. ಕಂಬದ ಅಡಿಪಾಯದ ಕೆಳಗಿನ ನೆಲವನ್ನೇ ನೀರು ಕೊರೆದು ಒಯ್ದಿತ್ತು. 2001ರ ಮಾರ್ಚ್ 4ರಂದು ಪೋರ್ಚುಗಲ್‌ನ ಹಿಂಟ್ಸೆ ರಿಬೈರೊ ಸೇತುವೆ ಬಿದ್ದಾಗ ಸತ್ತವರು 59 ಮಂದಿ. ಅಲ್ಲಿ ಕೊರೆತದ ಜೊತೆಗೆ ವರ್ಷಗಟ್ಟಲೆ ನಡೆದ ಮರಳು ಗಣಿಗಾರಿಕೆಯೂ ಸೇರಿತ್ತು. ಎರಡೂ ಕಡೆ ಕೆಟ್ಟದ್ದು ಕಣ್ಣಿಗೆ ಕಾಣದ ಜಾಗದಲ್ಲಿ, ನೀರಿನ ಅಡಿಯಲ್ಲಿ.

ಕಂಬದ ಬುಡದಲ್ಲಿ ಆಗುವುದೇನು

ಹರಿದು ಬಂದ ನೀರು ಕಂಬದ ಎದುರು ಮೈಗೆ ಬಡಿದು ನಿಲ್ಲುತ್ತದೆ. ಮೇಲ್ಪದರದಲ್ಲಿ ವೇಗ ಹೆಚ್ಚು, ತಳದಲ್ಲಿ ಕಡಿಮೆ. ಹಾಗಾಗಿ ನಿಂತ ನೀರಿನ ಒತ್ತಡವೂ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಈ ವ್ಯತ್ಯಾಸದಿಂದ ಕಂಬದ ಮುಂಭಾಗದಲ್ಲಿ ನೀರು ನೇರ ಕೆಳಕ್ಕೆ ಇಳಿಯುತ್ತದೆ. ತೋಟಕ್ಕೆ ನೀರು ಬಿಡುವ ಪೈಪನ್ನು ಮಣ್ಣಿಗೆ ನೆಟ್ಟಗೆ ಹಿಡಿದರೆ ಹೇಗೆ ಗುಂಡಿ ಬೀಳುತ್ತದೋ ಹಾಗೆಯೇ ಈ ಇಳಿನೀರು ಬುಡವನ್ನು ತೋಡುತ್ತದೆ. ತೋಡಿದ ಗುಂಡಿಯೊಳಗೆ ನೀರು ಸುರುಳಿ ಸುತ್ತಿಕೊಂಡು ಕಂಬದ ಎರಡೂ ಪಕ್ಕಕ್ಕೆ ಬಾಲ ಚಾಚುತ್ತದೆ. ಮೇಲಿನಿಂದ ನೋಡಿದರೆ ಕುದುರೆ ಲಾಳದ ಆಕಾರ, ಹೆಸರೂ ಲಾಳದ ಸುಳಿ ಎಂದೇ. ಕಂಬದ ಹಿಂದೆ ಇನ್ನೊಂದು ಬಗೆಯ ಸುಳಿಗಳಿವೆ. ಅವು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಕಳಚಿಕೊಂಡು ತೇಲಿಹೋಗುತ್ತವೆ, ಪುಟ್ಟ ಸುಂಟರಗಾಳಿಗಳಂತೆ ಮರಳನ್ನು ಎತ್ತಿ ಕೆಳಹೊಳೆಯ ಕಡೆಗೆ ಎಸೆಯುತ್ತವೆ. ನಮ್ಮ 7.5 ಸೆಂ.ಮೀ. ಪೈಪಿಗೆ ಸೆಕೆಂಡಿಗೆ 33 ಸೆಂ.ಮೀ. ವೇಗದ ನೀರು ಬಡಿದರೆ ಹೆಚ್ಚುಕಡಿಮೆ ಸೆಕೆಂಡಿಗೆ ಒಂದರಂತೆ ಒಂದೇ ಪಕ್ಕದಿಂದ ಸುಳಿ ಕಳಚುತ್ತದೆ. ಪ್ರಯೋಗ ಕಾಲುವೆಯ ಗಾಜಿನ ಗೋಡೆಯ ಪಕ್ಕ ನಿಂತು ಎಣಿಸಬಹುದು.

ಕೊರೆತ ಕಂಬದ ಎದುರಿನಿಂದಲೇ ಶುರುವಾಗುತ್ತದೆ ಎಂದು ಹೆಚ್ಚಿನವರು ಅಂದುಕೊಂಡಿರುತ್ತಾರೆ. ನಿಜವಾಗಿ ಅದು ಎರಡು ಪಕ್ಕಗಳಲ್ಲಿ, ನೀರು ಕಂಬವನ್ನು ಬಳಸಿ ಓಡುವ ಜಾಗದಲ್ಲಿ ಶುರುವಾಗುತ್ತದೆ. ಮೊದಲ ಕೆಲವು ನಿಮಿಷಗಳಲ್ಲಿ ಎರಡು ಸಣ್ಣ ಗೀರುಗಳು ಬಿದ್ದು, ಹಿಮ್ಮುಖವಾಗಿ ತೆವಳಿಕೊಂಡು ಬಂದು ಕಂಬದ ಮೂಗಿನ ಬಳಿ ಕೂಡುತ್ತವೆ. ಆಮೇಲೆ ಅತಿ ಆಳದ ಜಾಗ ಎದುರಿಗೇ ಇರುತ್ತದೆ. ಗುಂಡಿಯ ಮುಂದಿನ ಇಳಿಜಾರಿನ ಮರಳು ತನ್ನ ಓರೆ ಕೋನ (ಜರಿಯದೆ ನಿಲ್ಲಬಲ್ಲ ಅತಿ ಕಡಿದಾದ ಇಳಿಜಾರು) ಮೀರಿದಾಗಲೆಲ್ಲ ಜರಿದು ಬೀಳುತ್ತದೆ. ಬಿದ್ದ ಮರಳನ್ನು ಸುಳಿ ಪಕ್ಕಕ್ಕೆ ಗುಡಿಸಿ ಹಿಂದಕ್ಕೆ ಸಾಗಿಸುತ್ತದೆ, ಬುಡ ಮತ್ತೆ ತೋಡಿಕೊಳ್ಳುತ್ತದೆ, ಮೇಲಿನದು ಮತ್ತೆ ಜರಿಯುತ್ತದೆ.

ಇಲ್ಲಿ ಒಂದು ಮಾತು ಮುಖ್ಯ. ಮರಳಿನ ಕಣ ಜಾಗ ಬಿಟ್ಟು ಕದಲಲು ಶುರುವಾಗುವ ಹರಿವಿನ ವೇಗಕ್ಕೆ ಹೊಸ್ತಿಲು ವೇಗ ಎನ್ನೋಣ. ಹರಿವು ಈ ಹೊಸ್ತಿಲಿಗಿಂತ ಕೆಳಗಿದ್ದರೆ ದೂರದ ತಳ ಕದಲದು, ಕಂಬದ ಬುಡ ಮಾತ್ರ ಕೊರೆಯುತ್ತದೆ. ಇದು ತಿಳಿನೀರಿನ ಕೊರೆತ. ಹೊಸ್ತಿಲಿನ ಅರ್ಧದಷ್ಟು ವೇಗಕ್ಕೇ ಇದು ಆರಂಭವಾಗುತ್ತದೆ. ಹೊಸ್ತಿಲು ದಾಟಿದರೆ ಇಡೀ ತಳವೇ ಸಾಗತೊಡಗುತ್ತದೆ. ಗುಂಡಿಯಿಂದ ಮರಳು ಹೊರಗೆ ಹೋಗುತ್ತಿರುವಾಗಲೇ ಮೇಲ್ಹೊಳೆಯಿಂದ ಒಳಗೂ ಬೀಳುತ್ತಿರುತ್ತದೆ. ಇದು ಚಲಿಸುವ ತಳದ ಕೊರೆತ. ಒಂದೇ ಗಾತ್ರದ ಮರಳಿನಲ್ಲಿ ಆಳವಾದ ಗುಂಡಿ ಸಿಗುವುದು ಸರಿಯಾಗಿ ಹೊಸ್ತಿಲಿನ ಬಳಿ. ಆಗ ಆಳ ಕಂಬದ ಅಗಲದ ಸುಮಾರು 2.4 ಪಟ್ಟು ತಲುಪಬಹುದು. ಹೊಸ್ತಿಲು ದಾಟಿದ ಕೂಡಲೇ ಆಳ ತುಸು ಇಳಿದು, ವೇಗ ಇನ್ನೂ ಬಹಳ ಹೆಚ್ಚಿದಾಗ ಮತ್ತೆ ಏರುತ್ತದೆ.

ಉಳಿಸಿಕೊಳ್ಳುವುದು, ಬಿಟ್ಟುಕೊಡುವುದು

ಮೇಲ್ಮೈ ತೆರೆದಿರುವ ಹರಿವಿನಲ್ಲಿ ಉಳಿಸಿಕೊಳ್ಳಲೇಬೇಕಾದದ್ದು ಫ್ರೌಡ್ ಸಂಖ್ಯೆ: ವೇಗಕ್ಕೂ, ಆಳವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿ ತೆಗೆದ ವರ್ಗಮೂಲಕ್ಕೂ ಇರುವ ಅನುಪಾತ. ಇದರ ಪ್ರಕಾರ ಉದ್ದ 50 ಪಟ್ಟು ಇಳಿದರೆ ವೇಗ 50ರ ವರ್ಗಮೂಲದಷ್ಟು, ಅಂದರೆ 7.07 ಪಟ್ಟು ಇಳಿಯಬೇಕು. ನೀರಿನ ಪ್ರಮಾಣ 50ರ ಎರಡೂವರೆ ಘಾತದಷ್ಟು, ಸುಮಾರು 17,700 ಪಟ್ಟು ಇಳಿಯಬೇಕು. 50 ಮೀಟರ್ ಅಗಲದ ಹೊಳೆಯ ಸೀಳಿನಲ್ಲಿ ಸೆಕೆಂಡಿಗೆ 2.33 ಮೀಟರ್ ವೇಗದಲ್ಲಿ ಹರಿಯುವ 875 ಘನ ಮೀಟರ್ ನೀರು, ಮೀಟರ್ ಅಗಲದ ಕಾಲುವೆಯಲ್ಲಿ ಸೆಕೆಂಡಿಗೆ 50 ಲೀಟರ್‌ಗೆ ಇಳಿಯುತ್ತದೆ. ಒಂದು ಮಧ್ಯಮ ಗಾತ್ರದ ಪಂಪ್‌ಗೆ ಇದು ಆಗುವ ಕೆಲಸ.

ಬಿಟ್ಟುಕೊಡುವುದರಲ್ಲಿ ಮೊದಲನೆಯದು ರೇನಾಲ್ಡ್ಸ್ ಸಂಖ್ಯೆ: ವೇಗವನ್ನು ಅಗಲದಿಂದ ಗುಣಿಸಿ ನೀರಿನ ಸ್ನಿಗ್ಧತೆಯಿಂದ ಭಾಗಿಸಿದ್ದು. ನೀರಿನ ಸ್ನಿಗ್ಧತೆಯನ್ನು ಕುಗ್ಗಿಸಲು ಆಗದ್ದರಿಂದ ಅದು ಮಾದರಿಯಲ್ಲಿ 350 ಪಟ್ಟು ಕಡಿಮೆಯೇ. ಹರಿವು ಪೂರ್ತಿ ಪ್ರಕ್ಷುಬ್ಧವಾಗಿ ಇರುವವರೆಗೆ ಇದನ್ನು ಸಹಿಸಿಕೊಳ್ಳಬಹುದು. ನಮ್ಮ ಪೈಪಿನ ಲೆಕ್ಕದಲ್ಲಿ ಅದು ಸುಮಾರು 25,000 ಬರುತ್ತದೆ, ಸಾಕು.

ಎರಡನೆಯದು ಮರಳಿನ ಗಾತ್ರ. ಕೊಡುವ ಬೆಲೆ ಇಲ್ಲೇ ಹೆಚ್ಚು. ಮಾದರಿಯಲ್ಲಿ 0.8 ಮಿ.ಮೀ. ಮರಳು ಹಾಕಿದೆವು ಎನ್ನಿ. ಕಣ ಯಾವಾಗ ಕದಲುತ್ತದೆಂದು ತೋರಿಸಲು ಆಲ್ಬರ್ಟ್ ಶೀಲ್ಡ್ಸ್ 1936ರಲ್ಲಿ ಕೊಟ್ಟ ರೇಖೆಯಿಂದ ಲೆಕ್ಕ ಹಾಕಿದರೆ 15 ಸೆಂ.ಮೀ. ಆಳದಲ್ಲಿ ಅದರ ಹೊಸ್ತಿಲು ವೇಗ ಸೆಕೆಂಡಿಗೆ ಸುಮಾರು 35 ಸೆಂ.ಮೀ. ನಮ್ಮ 33 ಸೆಂ.ಮೀ. ವೇಗ ಹೊಸ್ತಿಲಿನ ಶೇ. 95ರಷ್ಟಾಯಿತು. ಅಂದರೆ ತಿಳಿನೀರಿನ ಕೊರೆತ. ಅದೇ ನಿಜವಾದ ಹೊಳೆಯಲ್ಲಿ 0.3 ಮಿ.ಮೀ. ಮರಳಿಗೆ 7.5 ಮೀಟರ್ ಆಳದಲ್ಲಿ ಹೊಸ್ತಿಲು ವೇಗ ಸುಮಾರು 0.4 ಮೀಟರ್. ನೆರೆಯ ವೇಗ 2.33 ಮೀಟರ್, ಐದು ಪಟ್ಟಿಗೂ ಮಿಗಿಲು. ಫ್ರೌಡ್ ಸಂಖ್ಯೆ ಎರಡರಲ್ಲೂ 0.27. ಆದರೆ ಅಲ್ಲಿ ಇಡೀ ತಳ ಓಡುತ್ತಿದೆ, ಇಲ್ಲಿ ತಳ ಅಲುಗಾಡದೆ ಕೂತಿದೆ. ಇದನ್ನು ತಿಳಿಯದೆ ‘ಮಾದರಿಯಲ್ಲಿ 17 ಸೆಂ.ಮೀ. ಬಂತು, ಹೊಳೆಯಲ್ಲಿ 8.5 ಮೀಟರ್ ಬರುತ್ತದೆ’ ಎಂದು ಗುಣಿಸಿ ಬರೆದರೆ ಆ ಗುಣಾಕಾರಕ್ಕೆ ಆಧಾರವೇ ಇರುವುದಿಲ್ಲ.

ಹಗುರ ಕಣಗಳನ್ನು ಹಾಕಿದರೆ ಈ ಕಷ್ಟ ತಪ್ಪುವುದಿಲ್ಲವೇ? ತಕ್ಕಮಟ್ಟಿಗೆ ತಪ್ಪುತ್ತದೆ. ಪುಡಿ ಮಾಡಿದ ಕಲ್ಲಿದ್ದಲು, ಆಕ್ರೋಟಿನ ಚಿಪ್ಪಿನ ಪುಡಿ, ಪ್ಲಾಸ್ಟಿಕ್ ಕಾಳುಗಳು ಬಳಕೆಯಲ್ಲಿವೆ. ಮರಳಿನ ಸಾಂದ್ರತೆ ನೀರಿನ 2.65 ಪಟ್ಟಾದರೆ ಇವುಗಳದ್ದು 1.05ರಿಂದ 1.4ರ ಆಸುಪಾಸು, ಹಾಗಾಗಿ ಕಡಿಮೆ ವೇಗದಲ್ಲೇ ಕದಲುತ್ತವೆ. ಆದರೆ ಒಣ ಪ್ಲಾಸ್ಟಿಕ್‌ಗೆ ನೀರು ಹಿಡಿಯುವುದಿಲ್ಲ, ಗುಳ್ಳೆ ಅಂಟಿಸಿಕೊಂಡು ತೇಲುತ್ತದೆ. ನೀರಿಗೆ ಹಾಕುವ ಮುಂಚೆ ಒಂದೆರಡು ದಿನ ನೆನೆಸಿಡಬೇಕು. ಕಾಳಿನ ಆಕಾರ ಬೇರೆಯಾದ್ದರಿಂದ ಗುಂಡಿಯ ಇಳಿಜಾರೂ ಬದಲಾಗುತ್ತದೆ. ಇಡೀ ನದೀಪಾತ್ರದ ಮಾದರಿಗೆ ಇವು ಒಳ್ಳೆಯದು. ಒಂದು ಕಂಬದ ಬುಡದ ಆಳಕ್ಕೆ ಮರಳೇ ವಾಸಿ.

ಇನ್ನೊಂದು ಹಳೆಯ ಉಪಾಯ ಲಂಬ ಮತ್ತು ಅಡ್ಡ ಅಳತೆಗಳಿಗೆ ಬೇರೆ ಬೇರೆ ಸ್ಕೇಲ್ ಇಡುವುದು. ಆಸ್‌ಬಾರ್ನ್ ರೇನಾಲ್ಡ್ಸ್ 1885ರಲ್ಲಿ ಮರ್ಸಿ ನದಿಯ ಅಳಿವೆಗೆ ಮಾಡಿದ ಮಾದರಿಯಲ್ಲಿ ಅಡ್ಡ ಅಳತೆ 31,800ರಲ್ಲಿ ಒಂದು, ಲಂಬ ಅಳತೆ 960ರಲ್ಲಿ ಒಂದು ಇತ್ತು. ಉಬ್ಬರವಿಳಿತಕ್ಕೆ ಅದು ನಡೆಯಿತು. ಕಂಬದ ಕೊರೆತಕ್ಕೆ ನಡೆಯದು, ಏಕೆಂದರೆ ಮರಳಿನ ಓರೆ ಕೋನ ಯಾವ ಸ್ಕೇಲ್‌ಗೂ ಬಗ್ಗುವುದಿಲ್ಲ. ಒಣಗಿರಲಿ ಮುಳುಗಿರಲಿ, ದೊಡ್ಡ ಗುಂಡಿಯಿರಲಿ ಚಿಕ್ಕದಿರಲಿ, ಅದು ಸುಮಾರು 32 ಡಿಗ್ರಿಯೇ.

ಹಾಗಾದರೆ ಒಂಟಿ ಕಂಬದ ಪ್ರಯೋಗದಲ್ಲಿ ಮಾಡುವುದೇನೆಂದರೆ, ಯಾವುದೋ ಒಂದು ಹೊಳೆಯ ಪಡಿಯಚ್ಚು ಎಂಬ ಹಟ ಬಿಟ್ಟು ಕೆಲವು ಅನುಪಾತಗಳನ್ನು ಹಿಡಿದುಕೊಳ್ಳುವುದು. ಹರಿವಿನ ವೇಗಕ್ಕೂ ಹೊಸ್ತಿಲಿಗೂ ಇರುವ ಅನುಪಾತ, ನೀರಿನ ಆಳಕ್ಕೂ ಕಂಬದ ಅಗಲಕ್ಕೂ ಇರುವ ಅನುಪಾತ, ಕಂಬದ ಅಗಲಕ್ಕೂ ಕಣದ ಗಾತ್ರಕ್ಕೂ ಇರುವ ಅನುಪಾತ. ಉತ್ತರವೂ ಅನುಪಾತದಲ್ಲೇ ಬರುತ್ತದೆ: ಕೊರೆತದ ಆಳ ಕಂಬದ ಅಗಲದ ಎಷ್ಟು ಪಟ್ಟು ಎಂದು.

ಕಾಲುವೆ, ಕಂಬ, ಮರಳು

ಗಾಜಿನ ಗೋಡೆಯ ಈ ಪ್ರಯೋಗ ಕಾಲುವೆಗೆ ಫ್ಲೂಮ್ ಎಂದೇ ಹೆಸರು. ಕೆಳಗೆ ನೀರಿನ ತೊಟ್ಟಿ, ವೇಗ ಬದಲಿಸಬಹುದಾದ ಪಂಪ್, ಪೈಪಿನ ಮೇಲೆ ವಿದ್ಯುತ್ಕಾಂತೀಯ ಫ್ಲೋಮೀಟರ್. ತಲೆಯಲ್ಲಿ ನೀರು ಶಾಂತವಾಗುವ ತೊಟ್ಟಿ, ಅದರ ಬಾಯಿಗೆ ಜೇನುಗೂಡಿನಂಥ ಜಾಲರಿ. ಕೊನೆಯಲ್ಲಿ ನೀರಿನ ಮಟ್ಟ ಹಿಡಿಯುವ ಟೇಲ್‌ಗೇಟ್, ಕೊಚ್ಚಿ ಬಂದ ಮರಳು ಪಂಪ್‌ಗೆ ಸೇರದಂತೆ ಹಿಡಿಯುವ ಗುಂಡಿ. ನಡುವೆ ಎರಡು ಮೂರು ಮೀಟರ್ ಉದ್ದ, 30 ಸೆಂ.ಮೀ. ಆಳದ ತಗ್ಗು, ಅದರಲ್ಲಿ ಮರಳು. ಉಳಿದ ಉದ್ದಕ್ಕೆ ಅದೇ ಮಟ್ಟದ ಗಟ್ಟಿ ಹಲಗೆ.

ಪೈಪಿನ ವ್ಯಾಸ ಆರಿಸುವಾಗ ಎಲ್ಲ ಕಟ್ಟುಪಾಡುಗಳೂ ಒಟ್ಟಿಗೆ ಎದುರಾಗುತ್ತವೆ. ಕಾಲುವೆಯ ಅಗಲ ಪೈಪಿನ ಹತ್ತು ಪಟ್ಟಿಗೆ ಕಡಿಮೆಯಿರಬಾರದು. ಇಲ್ಲದಿದ್ದರೆ ಇಕ್ಕಟ್ಟಿನಿಂದ ನೀರು ಜೋರಾಗಿ, ಕಂಬದ ಕೊರೆತದ ಮೇಲೆ ಇಕ್ಕಟ್ಟಿನ ಕೊರೆತವೂ ಸೇರುತ್ತದೆ. ಮೀಟರ್ ಅಗಲಕ್ಕೆ 10 ಸೆಂ.ಮೀ. ಪೈಪ್ ಸರಿಹೊಂದುವಂತೆ ಕಾಣುತ್ತದೆ. ಆದರೆ ಗುಂಡಿಯ ಲೆಕ್ಕ ಹಾಕಿ: ಆಳ 24 ಸೆಂ.ಮೀ., 32 ಡಿಗ್ರಿ ಇಳಿಜಾರು ಎಂದರೆ ಪ್ರತಿ ಪಕ್ಕಕ್ಕೆ 38 ಸೆಂ.ಮೀ. ಹರಡುತ್ತದೆ. ಪೈಪ್ ಸೇರಿ 87 ಸೆಂ.ಮೀ. ಗುಂಡಿಯ ಅಂಚು ಗಾಜಿಗೆ ತಾಗುವಷ್ಟಾಯಿತು. 7.5 ಸೆಂ.ಮೀ. ಪೈಪ್ ಆದರೆ ಆಳ 18, ಒಟ್ಟು ಹರಡು 65 ಸೆಂ.ಮೀ., ನಿರಾಳ. 30 ಸೆಂ.ಮೀ. ತಗ್ಗಿನ ತಳಕ್ಕೂ ಗುಂಡಿ ಮುಟ್ಟುವುದಿಲ್ಲ. ಗುಂಡಿ ಕಾಂಕ್ರೀಟ್ ತಳಕ್ಕೆ ಮುಟ್ಟಿ ನಿಂತದ್ದನ್ನೇ ‘ಸಮತೋಲ ಬಂತು’ ಎಂದು ಓದಿಕೊಳ್ಳುವುದು ಈ ಕೆಲಸದ ಅತಿ ಮುಜುಗರದ ತಪ್ಪು.

ಮರಳಿಗೆ ಮೂರು ಪರೀಕ್ಷೆ. ಒಂದು, ಕಂಬದ ಅಗಲ ಕಣದ ಗಾತ್ರದ 50 ಪಟ್ಟಿಗಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಇಳಿನೀರು ದೊಡ್ಡ ಕಣಗಳ ಸಂದಿಯಲ್ಲೇ ಸೋತುಹೋಗಿ ಕೊರೆತ ಕಡಿಮೆ ಕಾಣುತ್ತದೆ. 75 ಮಿ.ಮೀ. ಪೈಪಿಗೆ 0.8 ಮಿ.ಮೀ. ಮರಳು ಎಂದರೆ 94 ಪಟ್ಟು, ಸರಿಯಾಯಿತು. ಎರಡು, ಸುಮಾರು 0.7 ಮಿ.ಮೀ.ಗಿಂತ ನುಣುಪಾದ ಮರಳು ಹೊಸ್ತಿಲಿನ ಬಳಿ ತಾನೇ ತಾನಾಗಿ ಸಣ್ಣ ಅಲೆಗಳಾಗಿ ಮುದುಡುತ್ತದೆ. ಅಲೆಯಿಂದ ಕಿತ್ತ ಮರಳು ಗುಂಡಿಗೆ ಬಿದ್ದು, ತಿಳಿನೀರಿನ ಪ್ರಯೋಗ ತಿಳಿಯಾಗಿ ಉಳಿಯುವುದಿಲ್ಲ. ಮೂರು, ಕಣಗಳು ಒಂದೇ ಗಾತ್ರದವಾಗಿರಬೇಕು. ಜರಡಿ ರೇಖೆಯಲ್ಲಿ ಶೇ. 84 ಮತ್ತು ಶೇ. 16ರ ಗಾತ್ರಗಳ ಅನುಪಾತದ ವರ್ಗಮೂಲ 1.3ಕ್ಕಿಂತ ಕಡಿಮೆ ಬಂದರೆ ಒಳ್ಳೆಯದು. ಮಿಶ್ರ ಮರಳಿನಲ್ಲಿ ಸಣ್ಣದು ಕೊಚ್ಚಿಹೋಗಿ ದಪ್ಪ ಕಣಗಳು ಗುಂಡಿಯ ತಳಕ್ಕೆ ಕವಚ ಹೊದಿಸುತ್ತವೆ, ಕೊರೆತ ಅರ್ಧಕ್ಕೇ ನಿಲ್ಲುತ್ತದೆ. ಹೊಳೆಯಲ್ಲೂ ಹಾಗೇ ಆಗುತ್ತದೆ ನಿಜ. ಆದರೆ ಅದನ್ನು ನೋಡಬೇಕಿದ್ದರೆ ಅದಕ್ಕೆಂದೇ ಬೇರೆ ಪ್ರಯೋಗ ಮಾಡಬೇಕು.

ತಂದ ಮರಳನ್ನು ನೀರು ತಿಳಿಯಾಗುವವರೆಗೆ ತೊಳೆಯದೆ ಹಾಕಬಾರದು. ದೂಳು ಉಳಿದರೆ ನೀರು ಮೊದಲ ಗಂಟೆಯಲ್ಲೇ ಕಾಫಿ ಬಣ್ಣಕ್ಕೆ ತಿರುಗಿ ಏನೂ ಕಾಣದಾಗುತ್ತದೆ. ಅದಕ್ಕಿಂತ ಕೆಡುಕೆಂದರೆ, ತೇಲುವ ನುಣುಪು ಕಣಗಳು ತಳದ ಬಳಿಯ ಹರಿವಿನ ಗುಣವನ್ನೇ ಬದಲಿಸುತ್ತವೆ.

ಗಟ್ಟಿ ಹಲಗೆಯ ಮೇಲೂ ಅದೇ ಮರಳನ್ನು ಅಂಟಿಸಬೇಕು. ನುಣುಪು ಹಲಗೆಯ ಮೇಲೆ ಓಡಿಬಂದ ನೀರು ಒರಟು ಮರಳಿಗೆ ಕಾಲಿಟ್ಟ ಕೂಡಲೇ ಸೇರುವೆಯಲ್ಲಿ ಒಂದು ಗುಂಡಿ ತೋಡಿ, ಆ ಮರಳನ್ನು ನೇರ ಕಂಬದ ಬುಡಕ್ಕೆ ತಂದು ಹಾಕುತ್ತದೆ. ಸೇರುವೆಯಲ್ಲಿ ಒಂದು ಗೇಣು ಅಗಲಕ್ಕೆ ಜಲ್ಲಿಯ ಪಟ್ಟಿ ಹಾಸಿದರೆ ಇದು ನಿಲ್ಲುತ್ತದೆ. ನೀರಿನ ವೇಗದ ರೇಖೆ ಪೂರ್ತಿ ಬೆಳೆದಿದೆಯೇ ಎಂಬುದಕ್ಕೆ ‘ಆಳದ ಇಷ್ಟು ಪಟ್ಟು ಉದ್ದ ಸಾಕು’ ಎಂಬ ಸೂತ್ರಗಳನ್ನು ನಂಬುವುದಕ್ಕಿಂತ, ಕಂಬ ಇಡುವ ಮುಂಚೆ ಆ ಜಾಗದಲ್ಲೂ ಅದರ ಅರ್ಧ ಮೀಟರ್ ಹಿಂದೂ ಮುಂದೂ ವೇಗ ಅಳೆದು ಮೂರೂ ರೇಖೆಗಳು ಒಂದರ ಮೇಲೊಂದು ಕೂರುತ್ತವೆಯೇ ನೋಡುವುದೇ ಸರಿ.

ಪೈಪ್ ತಳಕ್ಕೆ ಬಿಗಿಯಾಗಿ ಕೂತು ನೆಟ್ಟಗಿರಬೇಕು. ಸಡಿಲವಾಗಿದ್ದರೆ ಹಿಂದಿನ ಸುಳಿಗಳ ತಾಳಕ್ಕೆ ಅದು ನಡುಗುತ್ತದೆ, ಸುತ್ತಲಿನ ಮರಳು ಅದುರಿ ಕೆಳಗಿಳಿಯುತ್ತದೆ. ಪಾರದರ್ಶಕ ಅಕ್ರಿಲಿಕ್ ಪೈಪ್ ಆದರೆ ಒಳಗೊಂದು ಅಳತೆ ಪಟ್ಟಿ ಅಂಟಿಸಿ, ಕನ್ನಡಿ ಅಥವಾ ಪುಟ್ಟ ಕ್ಯಾಮೆರಾ ಇಳಿಸಿದರೆ ಮರಳಿನ ಅಂಚು ಎಲ್ಲಿದೆಯೆಂದು ಒಳಗಿನಿಂದಲೇ ಓದಬಹುದು. ಹರಿವಿಗೆ ಏನನ್ನೂ ಅಡ್ಡ ಇಡದೆ ಅಳೆಯುವ ಇದಕ್ಕಿಂತ ಸರಳ ವಿಧಾನ ಇಲ್ಲ.

ಓಡಿಸುವುದು

ಮರಳನ್ನು ನೀರಿನೊಳಗೇ ಪದರ ಪದರವಾಗಿ ತುಂಬಿ, ಗೋಡೆಯ ಮೇಲಿನ ಹಳಿಗಳ ಮೇಲೆ ಓಡುವ ಹಲಗೆಯಿಂದ ಸವರಬೇಕು. ಒಣ ಮರಳು ತುಂಬಿ ಆಮೇಲೆ ನೀರು ಬಿಟ್ಟರೆ ಸಿಕ್ಕಿಬಿದ್ದ ಗಾಳಿ ಪ್ರಯೋಗದ ನಡುವೆ ಗುಳಕ್ಕೆಂದು ಹೊರಬಂದು ತಳದಲ್ಲಿ ಸಣ್ಣ ಸಣ್ಣ ಬಾವಿಗಳನ್ನು ಮಾಡುತ್ತದೆ. ಪ್ರತಿ ಓಟಕ್ಕೂ ಒಂದೇ ಬಗೆಯಲ್ಲಿ ತುಂಬಿ, ಒಂದೇ ಬಗೆಯಲ್ಲಿ ತಟ್ಟುವುದು ಮುಖ್ಯ. ಒಮ್ಮೆ ಸಡಿಲ, ಒಮ್ಮೆ ಗಟ್ಟಿ ಆದರೆ ಎರಡು ಓಟಗಳನ್ನು ಹೋಲಿಸಲು ಬಾರದು.

ಆರಂಭದ ಹತ್ತು ನಿಮಿಷ ಅತಿ ನಾಜೂಕು. ಕಂಬದ ಸುತ್ತ ತೆಳು ತಗಡನ್ನು ಎರಡು ಹೋಳಾಗಿ ಹಾಸಿ ಮುಚ್ಚಬೇಕು. ಟೇಲ್‌ಗೇಟ್ ಪೂರ್ತಿ ಎತ್ತಿ, ಕೆಳತುದಿಯಿಂದ ನೀರನ್ನು ನಿಧಾನವಾಗಿ ತುಂಬಿಸಬೇಕು. ಬೇಕಾದ ಆಳಕ್ಕಿಂತ ಹೆಚ್ಚು ನೀರು ನಿಂತ ಮೇಲೆ ಪಂಪ್‌ನ ವೇಗ ಏರಿಸಿ 50 ಲೀಟರ್‌ಗೆ ತರಬೇಕು. ಆಮೇಲಷ್ಟೇ ಟೇಲ್‌ಗೇಟ್ ಇಳಿಸುತ್ತ 15 ಸೆಂ.ಮೀ. ಆಳಕ್ಕೆ ಬರಬೇಕು. ಈ ಕ್ರಮ ತಿರುಗುಮುರುಗಾಗಿ, ಆಳ ಕಡಿಮೆ ಇರುವಾಗಲೇ ನೀರು ಜೋರಾದರೆ ಇಡೀ ತಳ ಒಂದೇ ಏಟಿಗೆ ಕೊಚ್ಚಿಹೋಗುತ್ತದೆ, ಅರ್ಧ ದಿನದ ಸವರುವಿಕೆ ದಂಡ. ಮಟ್ಟ ನಿಂತ ಮೇಲೆ ತಗಡಿನ ಹೋಳುಗಳನ್ನು ಮೇಲಕ್ಕೆ ಎಳೆಯದೆ ಪಕ್ಕಕ್ಕೆ ಜಾರಿಸಿ ತೆಗೆದು, ಗಡಿಯಾರ ಒತ್ತಬೇಕು.

ಓದುವ ಸಮಯಗಳೂ ಸಮ ಅಂತರದಲ್ಲಿ ಇರಬಾರದು: 1, 2, 5, 10, 20, 40 ನಿಮಿಷ, ಬಳಿಕ ಗಂಟೆಗೊಮ್ಮೆ, ಮರುದಿನದಿಂದ ದಿನಕ್ಕೆ ಮೂರು ನಾಲ್ಕು ಸಲ. ಕೊರೆತ ಸಮಯದ ಲಾಗರಿದಂಗೆ ತಕ್ಕಂತೆ ಸಾಗುವುದರಿಂದ ಹೀಗೆ ತೆಗೆದ ಅಂಕಿಗಳೇ ನಕ್ಷೆಯಲ್ಲಿ ಸಮನಾಗಿ ಕೂರುತ್ತವೆ.

ಎಷ್ಟು ಹೊತ್ತು ಓಡಿಸಬೇಕು? ತಾಳ್ಮೆ ಕೆಡುವುದು ಇಲ್ಲೇ. ದಿನವೊಂದರಲ್ಲಿ ಆಳದ ಏರಿಕೆ ಕಂಬದ ವ್ಯಾಸದ ಶೇ. 5ಕ್ಕಿಂತ ಕಡಿಮೆಯಾದರೆ ಸಮತೋಲ ಬಂತೆಂದು ಕೊರೆತದ ಸಂಶೋಧಕರಾದ ಮೆಲ್ವಿಲ್ ಮತ್ತು ಚ್ಯೂ 1999ರಲ್ಲಿ ಸೂಚಿಸಿದರು. ನಮ್ಮ ಪೈಪಿಗೆ ಅದು ದಿನಕ್ಕೆ 3.75 ಮಿ.ಮೀ. ಅವರ ಸೂತ್ರಕ್ಕೆ ನಮ್ಮ ಅಳತೆಗಳನ್ನು ಹಾಕಿದರೆ ಸಮತೋಲಕ್ಕೆ ಬೇಕಾದ ಸಮಯ ಸುಮಾರು 4.6 ದಿನ, ಅಂದರೆ 110 ಗಂಟೆ. ಅದೇ ಲೆಕ್ಕದಲ್ಲಿ ಮೊದಲ ಗಂಟೆಗೇ ಮೂರನೇ ಎರಡು ಪಾಲು ಆಳ ಬಂದಿರುತ್ತದೆ, ಎಂಟು ಗಂಟೆಗೆ ಶೇ. 86. ಸಂಜೆ ಪಂಪ್ ನಿಲ್ಲಿಸಿ ಮನೆಗೆ ಹೋಗುವ ಆಸೆ ಹುಟ್ಟುವುದು ಸಹಜ. ಆದರೆ 17 ಸೆಂ.ಮೀ. ಆಗಬೇಕಿದ್ದ ಕಡೆ 14.6ಕ್ಕೆ ನಿಲ್ಲಿಸಿದರೆ, ಬಿಟ್ಟುಹೋದ 2.4 ಸೆಂ.ಮೀ. 50ರ ಸ್ಕೇಲ್‌ನಲ್ಲಿ 1.2 ಮೀಟರ್. ಅಡಿಪಾಯದ ಲೆಕ್ಕದಲ್ಲಿ ಅದು ಚಿಲ್ಲರೆಯಲ್ಲ. ಜೊತೆಗೆ, ಮಾದರಿಯ 110 ಗಂಟೆಯನ್ನು ಫ್ರೌಡ್ ಸ್ಕೇಲ್‌ನ 7.07ರಿಂದ ಗುಣಿಸಿ ‘ಹೊಳೆಯಲ್ಲಿ 32 ದಿನ’ ಎನ್ನುವಂತಿಲ್ಲ. ನೀರಿನ ಗಡಿಯಾರ ಬೇರೆ, ಮರಳಿನ ಗಡಿಯಾರ ಬೇರೆ. ಮರಳನ್ನು ಸ್ಕೇಲ್‌ಗೆ ತಕ್ಕಂತೆ ಇಳಿಸಲೇ ಇಲ್ಲವಲ್ಲ.

ಇಷ್ಟು ದೀರ್ಘ ಓಟದಲ್ಲಿ ಕೈಕೊಡುವ ಸಂಗತಿಗಳು ಹಲವು. ಪಂಪ್ ಹಠಾತ್ತನೆ ನಿಂತರೆ ಕಾಲುವೆ ಬರಿದಾಗುವ ರಭಸಕ್ಕೆ ಗುಂಡಿಯ ಅಂಚು ಜರಿದು ಆಳ ಮುಚ್ಚಿಹೋಗುತ್ತದೆ. ಮತ್ತೆ ಓಡಿಸಿ ಮುಂದುವರಿಸಿದ್ದನ್ನು ಒಂದೇ ಓಟವೆಂದು ಎಣಿಸಬಾರದು. ಅದೇ ನೀರು ದಿನಗಟ್ಟಲೆ ಸುತ್ತುವುದರಿಂದ ಪಂಪ್‌ನ ಬಿಸಿಗೆ ಉಷ್ಣತೆ ಏರುತ್ತದೆ. 20 ಡಿಗ್ರಿಯಿಂದ 30ಕ್ಕೆ ಹೋದರೆ ಸ್ನಿಗ್ಧತೆ ಐದನೇ ಒಂದು ಪಾಲು ಇಳಿಯುತ್ತದೆ, ಹಾಗಾಗಿ ಉಷ್ಣತೆಯನ್ನೂ ಆಳದ ಪಕ್ಕದಲ್ಲೇ ಬರೆಯುತ್ತಾ ಹೋಗಬೇಕು. ಬೆಳಕು ಬೀಳುವ ಕಡೆ ನಾಲ್ಕೈದು ದಿನಕ್ಕೇ ಮರಳಿನ ಮೇಲೆ ಕಾಣದಷ್ಟು ತೆಳು ಪಾಚಿ ಹಿಡಿದು ಕಣಗಳನ್ನು ಹೆಣೆದುಬಿಡುತ್ತದೆ. ಬೆರಳಿಂದ ಮುಟ್ಟಿದರೆ ಲೋಳೆ ತಿಳಿಯುತ್ತದೆ. ತೊಟ್ಟಿಗೆ ತುಸು ಕ್ಲೋರಿನ್, ಕಿಟಕಿಗೆ ಪರದೆ.

ಅಳೆಯುವುದು

ಆಳಕ್ಕೆ ಪಾಯಿಂಟ್ ಗೇಜ್, ಅಂದರೆ ತಳಕ್ಕೆ ಇಳಿಸಿ ಅಳೆಯುವ ಚೂಪು ಮೊನೆಯ ಕಡ್ಡಿ, ಇನ್ನೂ ಹಳೆಯದಾಗಿಲ್ಲ. ವರ್ನಿಯರ್ 0.1 ಮಿ.ಮೀ. ತೋರಿಸಿದರೂ ಮೊನೆ ಕೂರುವುದು ಒಂದು ಕಣದ ಮೇಲೋ ಎರಡು ಕಣಗಳ ಸಂದಿಯಲ್ಲೋ ಎಂಬುದರ ಮೇಲೆ ಓದು ಒಂದು ಕಣದಷ್ಟು ಆಚೀಚೆ ಆಗುತ್ತದೆ. ಹಾಗಾಗಿ 0.8 ಮಿ.ಮೀ. ಮರಳಿನಲ್ಲಿ 171.3 ಮಿ.ಮೀ. ಎಂದು ಬರೆಯುವುದರಲ್ಲಿ ಅರ್ಥವಿಲ್ಲ, 171 ಸಾಕು. ಮೊನೆಯನ್ನು ಹರಿವಿನಲ್ಲೇ ಇಟ್ಟು ಹೋದರೆ ಅದರ ಸುತ್ತಲೂ ಪುಟ್ಟ ಕೊರೆತ ಹುಟ್ಟುತ್ತದೆ.

ವೇಗಕ್ಕೆ ಶಬ್ದದ ಅಲೆಗಳಿಂದ ಅಳೆಯುವ ಡಾಪ್ಲರ್ ಉಪಕರಣ ಬಳಸುತ್ತಾರೆ. ಸಾಮಾನ್ಯವಾಗಿ ಅದು ಅಳೆಯುವುದು ತನ್ನ ತುದಿಯಿಂದ 5 ಸೆಂ.ಮೀ. ಕೆಳಗಿನ ಒಂದು ಪುಟ್ಟ ಬಿಂದುವಿನಲ್ಲಿ. ಕೆಳಮುಖವಾಗಿ ಇಟ್ಟರೆ 15 ಸೆಂ.ಮೀ. ನೀರಿನ ಮೇಲಿನ 5 ಸೆಂ.ಮೀ. ಸಿಗುವುದೇ ಇಲ್ಲ. ಪಕ್ಕಕ್ಕೆ ನೋಡುವ ತಲೆ ಬೇಕಾಗುತ್ತದೆ. ಗುಂಡಿಯ ಇಳಿಜಾರಿನ ಹತ್ತಿರ ಪ್ರತಿಧ್ವನಿ ಬೆರೆತು ಅಂಕಿಗಳಲ್ಲಿ ಸುಳ್ಳು ಮೊನೆಗಳು ಏಳುತ್ತವೆ. ಮರಳಿ ಬಂದ ಶಬ್ದ ಸಂಕೇತಗಳ ನಡುವೆ ಶೇ. 70ಕ್ಕಿಂತ ಕಡಿಮೆ ಹೊಂದಾಣಿಕೆ ತೋರಿಸುವ ಓದುಗಳನ್ನು ಬಿಡುವುದು ವಾಡಿಕೆ. ಹಾಗೆ ಬಿಟ್ಟದ್ದು ಎಷ್ಟೆಂದೂ ಬರೆದಿಡಬೇಕು.

ಓಟ ಮುಗಿದ ಮೇಲೆ ನೀರನ್ನು ರಾತ್ರಿಯಿಡೀ ಸೋರಲು ಬಿಟ್ಟು, ಒಣಗಿದ ಗುಂಡಿಯನ್ನು ಲೇಸರ್‌ನಿಂದಲೋ, ಹಲವು ಕೋನಗಳಿಂದ ತೆಗೆದ ಫೋಟೋಗಳನ್ನು ಜೋಡಿಸಿಯೋ ಪೂರ್ತಿ ನಕ್ಷೆ ಮಾಡಬಹುದು. ಕಂಬದ ಹಿಂದೆ ಮರಳಿನ ದಿಣ್ಣೆ ಎದ್ದಿರುತ್ತದೆ. ಗುಂಡಿಯಿಂದ ಹೊರಟ ಮರಳಿನ ಪ್ರಮಾಣವನ್ನು ದಿಣ್ಣೆಯಲ್ಲೂ ಕಾಲುವೆಯ ಕೊನೆಯಲ್ಲಿ ಮರಳು ಹಿಡಿಯುವ ಗುಂಡಿಯಲ್ಲೂ ಸಿಕ್ಕಿದ್ದಕ್ಕೆ ತಾಳೆ ನೋಡುವುದು ಒಳ್ಳೆಯ ಅಭ್ಯಾಸ. ತಾಳೆಯಾಗದಿದ್ದರೆ ಎಲ್ಲೋ ತಳವೂ ಇಳಿದಿದೆ ಎಂದೇ ಅರ್ಥ.

ತಳವೇ ಓಡುವ ಪ್ರಯೋಗಗಳಲ್ಲಿ ಇದೆಲ್ಲ ಇನ್ನಷ್ಟು ತೊಡಕು. ಮರಳನ್ನೂ ನೀರಿನ ಜೊತೆ ಸುತ್ತಿಸಬೇಕು ಅಥವಾ ಮೇಲಿನಿಂದ ಸುರಿಯುತ್ತಿರಬೇಕು. ಮರಳಿನ ದಿಬ್ಬವೊಂದು ಬಂದು ಗುಂಡಿಗೆ ಬಿದ್ದಾಗ ಆಳ ಇಳಿಯುತ್ತದೆ, ಅದರ ತಗ್ಗು ಬಂದಾಗ ಏರುತ್ತದೆ. ಇಲ್ಲಿ ಒಂದು ಆಳ ಎಂಬುದಿಲ್ಲ. ಹತ್ತಾರು ದಿಬ್ಬಗಳು ದಾಟುವವರೆಗೆ ಬಿಡದೆ ಅಳೆದು ಸರಾಸರಿಯನ್ನೂ ಗರಿಷ್ಠವನ್ನೂ ಬೇರೆ ಬೇರೆಯಾಗಿ ಕೊಡಬೇಕು. ಪಂಪ್ ನಿಲ್ಲಿಸಿ ಅಳೆದ ಆಳ ಇಲ್ಲಿ ಕೆಲಸಕ್ಕೆ ಬಾರದು, ಹರಿವು ಇಳಿಯುವಾಗಲೇ ಗುಂಡಿ ತುಂಬಿಕೊಳ್ಳುತ್ತದೆ. ಹೊಳೆಯಲ್ಲೂ ನೆರೆ ಇಳಿದ ಮೇಲೆ ಅಳೆಯಹೋದವರಿಗೆ ಗುಂಡಿ ಕಾಣದಿರುವುದು ಇದೇ ಕಾರಣಕ್ಕೆ. ತುಂಬಿದ ಮರಳು ಸಡಿಲ, ಮುಂದಿನ ನೆರೆಗೆ ಅದು ಗಂಟೆಗಳಲ್ಲೇ ಖಾಲಿ.

ಅಂಕಿಯನ್ನು ಹೊಳೆಗೆ ಒಯ್ಯುವಾಗ

ನಮ್ಮ ಅಳತೆಗಳನ್ನೇ ಎರಡು ಹೆಸರಾಂತ ಸೂತ್ರಗಳಿಗೆ ಹಾಕಿ ನೋಡಿ. ಮೆಲ್ವಿಲ್ ವಿಧಾನದಲ್ಲಿ 17 ಸೆಂ.ಮೀ. ಬರುತ್ತದೆ. ಅಮೆರಿಕದ ಹೆದ್ದಾರಿ ಇಲಾಖೆಯ ಕೈಪಿಡಿಯಲ್ಲಿ ಬಹುಕಾಲ ಇದ್ದ, ಫ್ರೌಡ್ ಸಂಖ್ಯೆ ಆಧರಿಸಿದ ಸೂತ್ರದಲ್ಲಿ 12 ಸೆಂ.ಮೀ. ಎರಡೂ ಪ್ರಯೋಗಾಲಯದ ಅಂಕಿಗಳಿಂದಲೇ ಹುಟ್ಟಿದವು. ಎರಡನೆಯದು ಹೊಸ್ತಿಲು ಎಲ್ಲಿದೆ ಎಂದು ಕೇಳುವುದಿಲ್ಲ, ಮೊದಲನೆಯದು ಅದನ್ನೇ ಮುಖ್ಯವಾಗಿ ಕೇಳುತ್ತದೆ. ಹಾಗಾಗಿ ಯಾವ ಸೂತ್ರ ಎನ್ನುವುದಕ್ಕಿಂತ ಮುಂಚೆ, ಆ ಸೂತ್ರ ಹುಟ್ಟಿದ ಪ್ರಯೋಗಗಳಲ್ಲಿ ತಳ ಓಡುತ್ತಿತ್ತೋ ನಿಂತಿತ್ತೋ ಎಂದು ನೋಡಬೇಕು.

ಹೋಲಿಕೆಯ ಪ್ರಶ್ನೆಗಳಿಗೆ ಮಾದರಿ ಹೆಚ್ಚು ನಂಬಿಕಸ್ತ. ದುಂಡನೆಯ ಕಂಬ ವಾಸಿಯೋ ಚೌಕವೋ, ಕಂಬದ ಸುತ್ತ ಕಾಲರ್‌ನಂಥ ಚಪ್ಪಟೆ ತಟ್ಟೆಯನ್ನು ತಳದ ಮಟ್ಟಕ್ಕೆ ಇಡಬೇಕೋ ಸ್ವಲ್ಪ ಕೆಳಗೋ, ಕಲ್ಲುಹಾಸು ಎಲ್ಲಿಂದ ಕಿತ್ತುಬರುತ್ತದೆ ಎಂಬಂಥವಕ್ಕೆ ಅದು ಚೆನ್ನಾಗಿ ಉತ್ತರಿಸುತ್ತದೆ. ಕಲ್ಲುಹಾಸಿನ ವಿಷಯದಲ್ಲಿ ಗಾಜಿನ ಬಳಿ ಕೂತು ನೋಡಿದರೆ ಒಂದು ಅಚ್ಚರಿ ಕಾದಿರುತ್ತದೆ. ಕಲ್ಲು ಉರುಳಿಹೋಗದೆಯೂ ಹಾಸು ಸೋಲುತ್ತದೆ. ಕಲ್ಲಿನ ಸಂದಿಗಳಿಂದ ಕೆಳಗಿನ ಮರಳು ಎಳೆ ಎಳೆಯಾಗಿ ಹೊರಬಂದು, ಕಲ್ಲುಗಳು ಇದ್ದಲ್ಲೇ ಮುಳುಗುತ್ತವೆ. ದಪ್ಪ ಕಲ್ಲು ಹಾಕಿದಷ್ಟೂ ಸಂದಿ ದೊಡ್ಡದಾಗುತ್ತದೆ. ಇದಕ್ಕೆ ಮದ್ದು ಕೆಳಗೆ ಸೋಸುವ ಪದರ, ಇನ್ನೂ ದಪ್ಪದ ಕಲ್ಲಲ್ಲ.

ಗಾತ್ರದ ಪ್ರಶ್ನೆ ಕೊನೆಗೂ ಬಿಡುವುದಿಲ್ಲ. ನಮ್ಮ ಪೈಪ್ ಕಣದ 94 ಪಟ್ಟು. ಹೊಳೆಯ ಕಂಬ 0.3 ಮಿ.ಮೀ. ಮರಳಿನ 12,500 ಪಟ್ಟು. 50 ದಾಟಿದ ಮೇಲೆ ಈ ಅನುಪಾತ ಲೆಕ್ಕಕ್ಕಿಲ್ಲ ಎಂದು ಬಹಳ ಕಾಲ ನಂಬಲಾಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಟರ್ನರ್ಸ್ ಫಾಲ್ಸ್‌ನಲ್ಲಿರುವ 6.1 ಮೀಟರ್ ಅಗಲ, 6.4 ಮೀಟರ್ ಆಳದ ಫ್ಲೂಮ್‌ನಲ್ಲಿ ಶೆಪರ್ಡ್ ಮತ್ತು ಸಂಗಡಿಗರು 11.4 ಸೆಂ.ಮೀ.ಯಿಂದ 91.5 ಸೆಂ.ಮೀ. ವರೆಗಿನ ಕಂಬಗಳನ್ನು ನಿಲ್ಲಿಸಿ ಮಾಡಿದ, 2004ರಲ್ಲಿ ಪ್ರಕಟವಾದ ಪ್ರಯೋಗಗಳು ಬೇರೆಯದನ್ನೇ ತೋರಿಸಿದವು. ಅನುಪಾತ ಬಹಳ ದೊಡ್ಡದಾದಂತೆ, ಅಗಲಕ್ಕೆ ಹೋಲಿಸಿದ ಕೊರೆತ ಇಳಿಯುತ್ತಾ ಹೋಗುತ್ತದೆ. ಅಂದರೆ ಚಿಕ್ಕ ಪೈಪಿನ 2.4 ಪಟ್ಟನ್ನು ದೊಡ್ಡ ಕಂಬಕ್ಕೆ ಹಾಗೇ ಹಚ್ಚಿದರೆ ಅಡಿಪಾಯ ಬೇಕಾದ್ದಕ್ಕಿಂತ ಆಳಕ್ಕೆ ಹೋಗುತ್ತದೆ. ತಪ್ಪು ಸುರಕ್ಷಿತ ಕಡೆಗೇ ಬೀಳುವುದರಿಂದ ವಿನ್ಯಾಸಕರು ಅದನ್ನು ಸಹಿಸಿಕೊಂಡು ಬಂದಿದ್ದಾರೆ. ಆದರೆ ಹಳೆಯ ಸೇತುವೆಯೊಂದನ್ನು ಮುಚ್ಚಬೇಕೇ ಉಳಿಸಬಹುದೇ ಎಂದು ನಿರ್ಧರಿಸುವಾಗ ಅದೇ ಹೆಚ್ಚುವರಿ ಆಳ ಗಟ್ಟಿಯಾಗಿರುವ ಕಂಬವನ್ನೂ ದುರ್ಬಲವೆಂದು ತೋರಿಸುತ್ತದೆ. ವರದಿಯಲ್ಲಿ ಆಳದ ಪಕ್ಕ ವೇಗಕ್ಕೂ ಹೊಸ್ತಿಲಿಗೂ ಇರುವ ಅನುಪಾತ, ಕಂಬಕ್ಕೂ ಕಣಕ್ಕೂ ಇರುವ ಅನುಪಾತ, ಓಡಿಸಿದ ಗಂಟೆಗಳು, ನೀರಿನ ಉಷ್ಣತೆ ಈ ನಾಲ್ಕನ್ನೂ ಬರೆದಿದ್ದರೆ, ಮುಂದೆ ಓದುವ ಎಂಜಿನಿಯರ್ ಅದರಲ್ಲಿ ಎಷ್ಟನ್ನು ತನ್ನ ಹೊಳೆಗೆ ಒಯ್ಯಬಹುದೆಂದು ತಾನೇ ಲೆಕ್ಕ ಹಾಕಿಕೊಳ್ಳಬಲ್ಲ.